ಮೇ 18ಕ್ಕೆ ಕೊಪ್ಪಳದಲ್ಲಿ ತಂಗಿ ಮದುವೆ, ಬೀಗರು ಕುಮಟಾದವರು. ಈ ಸಲ ಬೇಸಿಗೆ ಹೇಗಿರುತ್ತದೆ?

ಕೊಪ್ಪಳದ ಅಣ್ಣ, 2025 ಏಪ್ರಿಲ್ 2

ಎಲ್ಲರಿಗೂ ನಮಸ್ಕಾರ. ಯುಗಾದಿ ಬೇವು ಕುಡಿದ ಲೋಟ ಇನ್ನೂ ತೊಳೆದಿಲ್ಲ, ಅಷ್ಟರಲ್ಲೇ ಈ ಸುದ್ದಿ. ಹವಾಮಾನ ಇಲಾಖೆ ಸೋಮವಾರ ಏಪ್ರಿಲ್‌ನಿಂದ ಜೂನ್‌ವರೆಗಿನ ಬೇಸಿಗೆ ಮುನ್ನೋಟ ಕೊಟ್ಟಿದೆ. ಬಿಸಿಗಾಳಿ ದಿನಗಳು ವಾಡಿಕೆಗಿಂತ ಜಾಸ್ತಿ ಇರುವ ಕಡೆಗಳ ಪಟ್ಟಿಯಲ್ಲಿ ರಾಜಸ್ಥಾನ, ಗುಜರಾತ್, ತೆಲಂಗಾಣ, ಆಂಧ್ರ ಎಲ್ಲ ಇವೆ, ಜೊತೆಗೆ ಕರ್ನಾಟಕದ ಉತ್ತರ ಭಾಗವೂ ಇದೆ. ಅಂದರೆ ನಾವೇ.

ನನ್ನ ಕಷ್ಟ ಏನೆಂದರೆ ಮೇ 18, ಭಾನುವಾರ, ತಂಗಿ ಮದುವೆ. ಮುಹೂರ್ತ ಮಧ್ಯಾಹ್ನ 12.20. ಬಯಲಲ್ಲಿ ಶಾಮಿಯಾನ, ಆರುನೂರು ಜನ. ಬೀಗರು ಕುಮಟಾದಿಂದ ಎರಡು ಬಸ್ ಮಾಡಿಕೊಂಡು ಬರುತ್ತಾರೆ, ಅದರಲ್ಲಿ ವಯಸ್ಸಾದವರೇ ಇಪ್ಪತ್ತು ಜನ ಇದ್ದಾರಂತೆ. ಹುಡುಗನ ಅಜ್ಜಿಗೆ 84. ಅವರು ನಿನ್ನೆ ಫೋನ್ ಮಾಡಿ 'ನಿಮ್ಮೂರಲ್ಲಿ ಬಿಸಿಲಿಗೆ ಜನ ಬದುಕುತ್ತಾರಾ?' ಅಂತ ಕೇಳಿದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ದಿನ ಬದಲಿಸಬೇಕಾ? ಆ ಮುನ್ನೋಟ ನೋಡಿ ಮೇ 18ಕ್ಕೆ ಎಷ್ಟು ಡಿಗ್ರಿ ಇರುತ್ತದೆ ಅಂತ ಯಾರಾದರೂ ಹೇಳಬಲ್ಲಿರಾ?

ಬಳ್ಳಾರಿ ಬಿಸಿಲು, ಏಪ್ರಿಲ್ 2

ಇದಕ್ಕೆ ಮುನ್ನೋಟ ಯಾಕೆ ಸ್ವಾಮಿ, ಕ್ಯಾಲೆಂಡರ್ ಸಾಕು. ನಮಗೆ ಇರುವುದು ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ. ಮೇ ಎರಡನೆಯದಕ್ಕೆ ಸೇರಿದ್ದು.

ಎರೆಹೊಲ, ಏಪ್ರಿಲ್ 2

ಇದನ್ನೇ ರಾಯಚೂರಿನವರು ನಮ್ಮದು ಅನ್ನುತ್ತಾರೆ, ಕಲಬುರಗಿಯವರು ನಮ್ಮದು ಅನ್ನುತ್ತಾರೆ. ಜೋಕಿಗೂ ಜಗಳ.

ಕೊಪ್ಪಳದ ಅಣ್ಣ, ಒಂದು ಮಾತು. ಮೂರು ತಿಂಗಳ ಮುನ್ನೋಟವನ್ನು ನಂಬಿ ದಿನ ಬದಲಿಸಬೇಡಿ. ನಾನು ಸಿಂಧನೂರು ಕಡೆಯವನು, ಹತ್ತು ಎಕರೆ ಭತ್ತ, ಎರಡು ಎಕರೆ ಮೆಣಸಿನಕಾಯಿ. ಫೆಬ್ರುವರಿಯಲ್ಲಿ ಯಾವುದೋ ಚಾನೆಲ್‌ನಲ್ಲಿ 'ಭೀಕರ ಬೇಸಿಗೆ' ಅಂತ ಕೆಂಪು ಅಕ್ಷರದಲ್ಲಿ ಹಾಕಿದರು. ಹಾಗಾದರೆ ಮಳೆ ಬರಲ್ಲ ಅಂತ ಕಣದಲ್ಲಿ ಮೆಣಸಿನಕಾಯಿ ಹರವಿ ಟಾರ್ಪಾಲಿನ್ ತರದೇ ಬಿಟ್ಟೆ. ಮಾರ್ಚ್‌ನಲ್ಲಿ ಒಂದು ರಾತ್ರಿ ಅರ್ಧ ತಾಸಿನ ಅಡ್ಡಮಳೆ. ಕಾಯಿ ಬೆಳ್ಳಗಾಯಿತು. ದರ ಮೊದಲೇ ಬಿದ್ದಿದೆ, ಮೇಲೆ ಇದು.

ಮಳೆಮಾಪಕ, ಏಪ್ರಿಲ್ 2

ಎರೆಹೊಲ ಅವರು ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ನಾನು ರಾಯಚೂರಿನಲ್ಲಿ ಕೃಷಿ ಓದಿದವನು, ಹವಾಮಾನದ ಹುಚ್ಚು ಜಾಸ್ತಿ, ಸ್ವಲ್ಪ ಉದ್ದ ಬರೆಯುತ್ತೇನೆ.

ಮುನ್ನೋಟ ಯಾವ ದಿನದ ಬಗ್ಗೆಯೂ ಮಾತಾಡುವುದಿಲ್ಲ. ಅದು ಮಾತಾಡುವುದು ಮೂರು ತಿಂಗಳ ಒಟ್ಟು ಲೆಕ್ಕದ ಬಗ್ಗೆ. ಒಂದು ಚೀಲದಲ್ಲಿ ಮೂರು ಬಣ್ಣದ ಗೋಲಿ ಇವೆ ಅಂದುಕೊಳ್ಳಿ. ನೀಲಿ ಅಂದರೆ ವಾಡಿಕೆಗಿಂತ ಕಡಿಮೆ ಬಿಸಿ, ಬಿಳಿ ಅಂದರೆ ವಾಡಿಕೆಯಷ್ಟು, ಕೆಂಪು ಅಂದರೆ ಜಾಸ್ತಿ. ಏನೂ ಗೊತ್ತಿಲ್ಲದ ವರ್ಷ ಮೂರೂ ಸಮ, ನೂರರಲ್ಲಿ 33 ಹತ್ತಿರ. ಸಮುದ್ರದ ಬಿಸಿ, ಗಾಳಿಯ ದಿಕ್ಕು ಎಲ್ಲ ಕಂಪ್ಯೂಟರ್‌ಗೆ ತುಂಬಿ ಹತ್ತಾರು ಸಲ ಓಡಿಸಿದಾಗ ಕೆಂಪು ಗೋಲಿ 50 ಆಯಿತು, 60 ಆಯಿತು ಅಂತ ಗೊತ್ತಾಗುತ್ತದೆ. ನಕ್ಷೆಯಲ್ಲಿ ಆ ಜಾಗಕ್ಕೆ ಬಣ್ಣ ಬಳಿಯುತ್ತಾರೆ. ಆದರೆ ನೀಲಿ, ಬಿಳಿ ಗೋಲಿಗಳು ಚೀಲದಲ್ಲೇ ಇವೆ, ಯಾರೂ ತೆಗೆದು ಎಸೆದಿಲ್ಲ. ಟಿವಿಯವರು ಮಾತ್ರ ಎಸೆದುಬಿಡುತ್ತಾರೆ.

ಇನ್ನು ಬಿಸಿಗಾಳಿ ದಿನ ಅಂದರೆ ಬರೀ 'ತುಂಬಾ ಬಿಸಿಲು' ಅಲ್ಲ, ಅದಕ್ಕೆ ಅಳತೆ ಇದೆ. ಬಯಲು ನಾಡಿನಲ್ಲಿ ಗರಿಷ್ಠ ಕನಿಷ್ಠಪಕ್ಷ 40 ಡಿಗ್ರಿ ಮುಟ್ಟಬೇಕು, ಮತ್ತು ಆ ದಿನದ ವಾಡಿಕೆಗಿಂತ 4.5 ಡಿಗ್ರಿ ಮೇಲಿರಬೇಕು. ಅಥವಾ ವಾಡಿಕೆ ಏನೇ ಇರಲಿ, ನೇರವಾಗಿ 45 ಮುಟ್ಟಬೇಕು. ಅದೂ ಕಡೇಪಕ್ಷ ಎರಡು ಕೇಂದ್ರಗಳಲ್ಲಿ, ಎರಡು ದಿನ ಸತತವಾಗಿ. ಈಗ ತಮಾಷೆ ನೋಡಿ. ರಾಯಚೂರಿನಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 42 ಆದರೂ ಲೆಕ್ಕದಲ್ಲಿ ಅದು ಬಿಸಿಗಾಳಿ ಅಲ್ಲ, ಸುಮ್ನೆ ಒಂದು ಮೇ ದಿನ. ಕರಾವಳಿಗೆ ಬೇರೆ ಮಿತಿ, 37 ಡಿಗ್ರಿ. ಕುಮಟಾದವರಿಗೆ 37 ಅಂದರೆ ಎಚ್ಚರಿಕೆ, ನಮಗೆ 37 ಅಂದರೆ ಏಪ್ರಿಲ್‌ನ ತಂಪು ದಿನ.

ಕೊಪ್ಪಳದ ಅಣ್ಣ, ಏಪ್ರಿಲ್ 2

ಗೋಲಿ ಲೆಕ್ಕ ಅರ್ಥವಾಯಿತು. ಅಮ್ಮನಿಗೂ ಹೇಳಿದೆ. 'ಹಾಗಾದರೆ ಅವರಿಗೂ ಗೊತ್ತಿಲ್ಲ ಅಂತಾಯಿತು' ಅಂದರು.

ಬಳ್ಳಾರಿ ಬಿಸಿಲು, ಏಪ್ರಿಲ್ 2

ಅಮ್ಮನಿಗೆ ಹವಾಮಾನ ಇಲಾಖೆಯಲ್ಲಿ ಕೆಲಸ ಕೊಡಿಸಿ.

ಹೊನ್ನಾವರದವಳು, ಏಪ್ರಿಲ್ 3

ನಾನು ಕರಾವಳಿಯಲ್ಲಿ ಹುಟ್ಟಿ ಬೆಳೆದು ಈಗ ಆರು ವರ್ಷದಿಂದ ಬಳ್ಳಾರಿಯಲ್ಲಿ ನರ್ಸ್. ಎರಡೂ ಬೇಸಿಗೆ ಮೈಮೇಲೆ ತೆಗೆದುಕೊಂಡಿದ್ದೇನೆ. ಬೀಗರ ಪರವಾಗಿ ಸ್ವಲ್ಪ ಹೇಳಲಾ?

ಮೊದಲು, ಕರಾವಳಿಯಲ್ಲಿ ತಂಪು ಅಂತ ನೀವೆಲ್ಲ ಅಂದುಕೊಂಡಿದ್ದೀರಲ್ಲ, ಅದು ಸುಳ್ಳು. ಈ ಫೆಬ್ರುವರಿ ಕೊನೆಯಲ್ಲಿ ನಮ್ಮ ಕರಾವಳಿಗೇ ಬಿಸಿಗಾಳಿ ಎಚ್ಚರಿಕೆ ಬಂದಿತ್ತು, ನಿಮಗಲ್ಲ. ಫೆಬ್ರುವರಿಯಲ್ಲಿ! ಕಾರಣ ಕಡಲ ಗಾಳಿ. ದಿನಾ ಹನ್ನೊಂದು, ಹನ್ನೆರಡು ಗಂಟೆಗೆ ಸಮುದ್ರದಿಂದ ಗಾಳಿ ಬಂದು ಬಿಸಿಯನ್ನು ತಡೆಯುತ್ತದೆ. ಆದರೆ ಕೆಲವು ದಿನ ಪೂರ್ವದಿಂದ, ಅಂದರೆ ನಿಮ್ಮ ಕಡೆಯಿಂದ, ಒಣಗಾಳಿ ಘಟ್ಟ ಇಳಿದು ಬರುತ್ತದೆ. ಇಳಿಯುತ್ತಾ ಇನ್ನೂ ಬಿಸಿ ಆಗುತ್ತದೆ. ಅದು ಕಡಲ ಗಾಳಿಯನ್ನು ಎರಡು, ಮೂರು ಗಂಟೆವರೆಗೂ ಒಳಗೆ ಬಿಡುವುದಿಲ್ಲ. ಅಂಥ ದಿನ ಕಾರವಾರ, ಹೊನ್ನಾವರದಲ್ಲಿ 37, 38 ಆಗಿಬಿಡುತ್ತದೆ. ಆಮೇಲೆ ಸಮುದ್ರದ ಹಸಿ ಗಾಳಿ ಬಂದರೆ ಬಿಸಿ ಇಳಿದರೂ ಬೆವರು ಆರುವುದಿಲ್ಲ. ಸೆಖೆ ಅಂದರೆ ಅದು. ನಿಮ್ಮಲ್ಲಿರುವುದು ಸೆಖೆ ಅಲ್ಲ, ಝಳ.

ಎರಡನೆಯದು ಮುಖ್ಯ. ಬಳ್ಳಾರಿಗೆ ಬಂದ ಮೊದಲ ಬೇಸಿಗೆಯಲ್ಲಿ ನನಗೆ ಬೆವರೇ ಬರುತ್ತಿಲ್ಲ ಅನಿಸಿತು. ಅಬ್ಬ, ಎಷ್ಟು ಆರಾಮು ಅಂದುಕೊಂಡೆ. ಸಂಜೆ ನೋಡಿದರೆ ನೀಲಿ ಕುಪ್ಪಸದ ಮೇಲೆ ಬಿಳಿ ಉಪ್ಪಿನ ಗೆರೆಗಳು. ಬೆವರು ಬರುತ್ತಿತ್ತು, ಕಣ್ಣಿಗೆ ಕಾಣುವ ಮೊದಲೇ ಆರಿಹೋಗುತ್ತಿತ್ತು. ಮೂರನೇ ದಿನ ತಲೆ ತಿರುಗಿ ಬಿದ್ದೆ, ನರ್ಸ್ ಆಗಿದ್ದುಕೊಂಡು! ಕರಾವಳಿಯವರು ಮೈ ಒದ್ದೆಯಾದಾಗ ನೀರು ಕುಡಿಯುವ ರೂಢಿಯವರು. ಇಲ್ಲಿ ಮೈ ಒದ್ದೆಯೇ ಆಗದು, ಹಾಗಾಗಿ ನೀರೂ ಕುಡಿಯರು. ಅಜ್ಜಿಯ ಕೈಗೆ ಬಾಟಲಿ ಕೊಡಬೇಡಿ, ಪಕ್ಕದಲ್ಲಿ ಒಬ್ಬ ಹುಡುಗಿಯನ್ನು ಕೂರಿಸಿ ಅರ್ಧ ಗಂಟೆಗೊಮ್ಮೆ ಕುಡಿಸಲು ಹೇಳಿ. ಮಜ್ಜಿಗೆ ಒಳ್ಳೆಯದು, ಉಪ್ಪು ಹಾಕಿ. ಯಾರಾದರೂ ತಡವರಿಸಿ ಮಾತಾಡಿದರೆ, ಮೈ ಕಾದ ಹಂಚಿನ ಹಾಗಿದ್ದರೆ, ಸೋಡಾ ನಿಂಬೆಹಣ್ಣು ಹುಡುಕುತ್ತಾ ಕೂರಬೇಡಿ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಆಸ್ಪತ್ರೆಗೆ ಒಯ್ಯುವಾಗಲೂ ಅದನ್ನು ನಿಲ್ಲಿಸಬಾರದು.

ಕುಷ್ಟಗಿ ಮಾವು, ಏಪ್ರಿಲ್ 3

ಉಪಯೋಗದ ಮಾತು. ಆದರೆ ಅಣ್ಣಾವ್ರೇ, ಮೇ ತಿಂಗಳಲ್ಲಿ ಬಯಲಲ್ಲಿ ಮದುವೆ ಅಂದರೆ ನನಗೆ ಭಯ ಬಿಸಿಲಿನದಲ್ಲ, ಗಾಳಿಯದು. ನಮ್ಮ ತೋಟದಲ್ಲಿ ಕೇಸರ್ ಮಾವು ಇದೆ. ಹಣ್ಣಿಗೆ ಬಂದ ಹೊತ್ತಿಗೆ ಸಂಜೆ ನಾಲ್ಕಕ್ಕೆ ಪಶ್ಚಿಮದಲ್ಲಿ ಕಪ್ಪಗಾಗುತ್ತದೆ, ಹತ್ತು ನಿಮಿಷ ಧೂಳಿನ ಗಾಳಿ, ಆಮೇಲೆ ನಾಲ್ಕು ಹನಿ. ಮಳೆ ಲೆಕ್ಕಕ್ಕೆ ಏನೂ ಇಲ್ಲ, ಕಾಯಿ ಮಾತ್ರ ನೆಲದ ತುಂಬ. ಮದುವೆಯ ಶಾಮಿಯಾನ ಮಾವಿನ ಗಿಡಕ್ಕಿಂತ ಗಟ್ಟಿಯಾ?

ಎರೆಹೊಲ, ಏಪ್ರಿಲ್ 3

ಅದು ನಿಜ. ಅಶ್ವಿನಿ, ಭರಣಿ ಹೊತ್ತಿಗೆ ಇಂಥದ್ದು ಒಂದಾದರೂ ಆಗೇ ಆಗುತ್ತದೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಅಂತ ನಮ್ಮಪ್ಪ ಹೇಳುತ್ತಿದ್ದರು. ಮೇ 18 ಅಂದರೆ ಕೃತ್ತಿಕಾ ನಕ್ಷತ್ರ. ಅದು ನಂಬಿಕೆಗೆ ಅರ್ಹ ಮಳೆ ಅಲ್ಲ, ಬಂದರೆ ಬಂತು.

ಮಳೆಮಾಪಕ, ಏಪ್ರಿಲ್ 3

ಈ ಗುಡುಗಿನ ಮಳೆಗೆ ಕಾರಣ ಹೇಳುತ್ತೇನೆ. ಏಪ್ರಿಲ್, ಮೇನಲ್ಲಿ ವಿದರ್ಭ, ಮರಾಠವಾಡ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ದಕ್ಷಿಣಕ್ಕೆ ಒಂದು ಗಾಳಿಯ ಗೆರೆ ಬೀಳುತ್ತದೆ. ಅದರ ಒಂದು ಬದಿಗೆ ಪಶ್ಚಿಮದ ಒಣಗಾಳಿ, ಇನ್ನೊಂದು ಬದಿಗೆ ಬಂಗಾಳ ಕೊಲ್ಲಿಯಿಂದ ಬರುವ ಹಸಿ ಗಾಳಿ. ಬೆಳಗ್ಗೆಯಿಂದ ಕಾದ ನೆಲ ಮಧ್ಯಾಹ್ನ ಗಾಳಿಯನ್ನು ಮೇಲಕ್ಕೆ ಎತ್ತುತ್ತದೆ, ಗೆರೆಯ ಹತ್ತಿರ ಹಸಿ ಸಿಕ್ಕರೆ ಸಂಜೆಗೆ ಮೋಡ ಕಟ್ಟುತ್ತದೆ. ಹಾಗಾಗಿ ಸಿಡಿಲು, ಬಿರುಗಾಳಿ ಜಾಸ್ತಿ ಆಗುವುದು ಮೂರರಿಂದ ರಾತ್ರಿ ಎಂಟರೊಳಗೆ. ಬಿಸಿಲು ಹೆಚ್ಚಿದ್ದಷ್ಟೂ ಈ ಗಾಳಿಯ ಕಸುವು ಹೆಚ್ಚು. 'ಜಾಸ್ತಿ ಬಿಸಿ' ಅಂದ ತಕ್ಷಣ 'ಮಳೆ ಇಲ್ಲ' ಅಂತಲ್ಲ. ಎರೆಹೊಲ ಅವರ ಮೆಣಸಿನಕಾಯಿ ಹೋಗಿದ್ದು ಇಲ್ಲೇ.

ಎರೆಹೊಲ, ಏಪ್ರಿಲ್ 3

ಗಾಯದ ಮೇಲೆ ಮೆಣಸಿನಕಾಯಿ ಹಚ್ಚಬೇಡಿ.

ಶಕ್ತಿನಗರ ಅಮ್ಮ, ಏಪ್ರಿಲ್ 4

ಎಲ್ಲರೂ ಮಧ್ಯಾಹ್ನದ ಮಾತಾಡುತ್ತೀರಿ. ರಾತ್ರಿ ಬಗ್ಗೆ ಯಾರೂ ಹೇಳುವುದಿಲ್ಲ. ಮಧ್ಯಾಹ್ನ 43 ಆದರೂ ತಡೆಯಬಹುದು, ಮನೆಯೊಳಗಿರುತ್ತೇವೆ, ಕಿಟಕಿಗೆ ಒದ್ದೆ ಚಾದರ ಕಟ್ಟುತ್ತೇವೆ. ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ಬಿಸಿ ಇರುತ್ತದಲ್ಲ, ಅದು ತಡೆಯಲಾಗದು. ಮುಂಚೆ ಮಣ್ಣಿನ ಮಾಳಿಗೆ ಮನೆ ಇತ್ತು, ಮೇಲೆ ಎರಡು ಕೊಡ ನೀರು ಚೆಲ್ಲಿ ಹಾಸಿಗೆ ಹಾಸಿದರೆ ನಿದ್ದೆ ಬರುತ್ತಿತ್ತು. ಈಗ ಆರ್‌ಸಿಸಿ. ಹಗಲೆಲ್ಲ ಬಿಸಿ ಕುಡಿದು ರಾತ್ರಿಯೆಲ್ಲ ಉಗುಳುತ್ತದೆ. ಉಷ್ಣ ವಿದ್ಯುತ್ ಸ್ಥಾವರ ಇಟ್ಟುಕೊಂಡು ನಾಡಿಗೆಲ್ಲ ಕರೆಂಟ್ ಮಾಡುವ ಊರು ನಮ್ಮದು, ನಮ್ಮ ಬೀದಿಗೆ ಮಾತ್ರ ರಾತ್ರಿ ಎರಡು ಗಂಟೆಗೆ ಕರೆಂಟ್ ಇಲ್ಲ. ಹೇಳಿ ಏನು ಪ್ರಯೋಜನ.

ಮಳೆಮಾಪಕ, ಏಪ್ರಿಲ್ 4

ಅಮ್ಮ, ನೀವು ಹೇಳಿದ್ದೇ ಈ ಮುನ್ನೋಟದಲ್ಲಿ ಜನ ಓದದ ಸಾಲು. ಅದರಲ್ಲಿ ಗರಿಷ್ಠದ ನಕ್ಷೆ ಒಂದು, ಕನಿಷ್ಠದ ನಕ್ಷೆ ಇನ್ನೊಂದು. ಕನಿಷ್ಠ ಅಂದರೆ ಬೆಳಗಿನ ಜಾವದ ತಾಪ. ದೇಶದ ಬಹುಪಾಲು ಕಡೆ ಅದೂ ವಾಡಿಕೆಗಿಂತ ಜಾಸ್ತಿ ಅಂತಲೇ ಇದೆ. ದೇಹ ಹಗಲು ಪಟ್ಟ ಪಾಡನ್ನು ರಾತ್ರಿ ಸರಿ ಮಾಡಿಕೊಳ್ಳುತ್ತದೆ. ರಾತ್ರಿಯೂ ಬಿಸಿ ಇದ್ದರೆ ಮರುದಿನದ 41 ಹಿಂದಿನ ದಿನದ 41ಕ್ಕಿಂತ ಕೆಟ್ಟದ್ದು. ಭತ್ತಕ್ಕೂ ಹೀಗೇ. ಹೂ ಬಿಡುವ ಬೆಳಗಿನ ಹೊತ್ತು 35 ದಾಟಿದರೆ ಕಾಳು ಕಟ್ಟದೆ ಜೊಳ್ಳು ಜಾಸ್ತಿ ಆಗುತ್ತದೆ, ರಾತ್ರಿ ಬಿಸಿ ಇದ್ದರೆ ಕಟ್ಟಿದ ಕಾಳೂ ತೂಕ ಬರುವುದಿಲ್ಲ.

ಎರೆಹೊಲ, ಏಪ್ರಿಲ್ 4

ಇದು ಕೇಳಿ ಹೊಟ್ಟೆ ಉರಿಯಿತು. ತೆನೆಗೆ ಹಾಲು ತುಂಬುವ ಹೊತ್ತಲ್ಲೇ ಕಾಲುವೆ ನೀರು ನಿಲ್ಲುವ ದಿನ ಹತ್ತಿರ ಬರುತ್ತದೆ. ನಮಗೆ ನಿಜವಾದ ಮುನ್ನೋಟ ಅಂದರೆ ಡ್ಯಾಮಿನ ಮಟ್ಟ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 19ನೇ ಗೇಟ್ ಕೊಚ್ಚಿ ಹೋದಾಗ ಇಡೀ ಸಿಂಧನೂರು, ಗಂಗಾವತಿ ನಿದ್ದೆ ಮಾಡಿರಲಿಲ್ಲ. ತುಂಬಿದ ಡ್ಯಾಮಿನ ಒಂದಷ್ಟು ನೀರು ಹೊರಗೆ ಬಿಟ್ಟು, ಆ ಜಾಗಕ್ಕೆ ತಾತ್ಕಾಲಿಕ ಗೇಟ್ ಇಳಿಸಿದರು, ಆಮೇಲೆ ದೇವರ ದಯೆ, ಮಳೆ ಬಂದು ಮತ್ತೆ ತುಂಬಿತು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮ್ ಹೂಳಿನಿಂದ ಈಗ 105 ಆಗಿದೆ. ಅದರಲ್ಲಿ ಎರಡನೇ ಬೆಳೆಗೆ ಎಷ್ಟು, ಕುಡಿಯಲು ಎಷ್ಟು ಅಂತ ನಾವು ದಿನಾ ಬೆಳಗ್ಗೆ ಮೊಬೈಲ್ ನೋಡುತ್ತೇವೆ. ಬಿಸಿಲು 41 ಆದರೇನು 44 ಆದರೇನು, ನೀರಿದ್ದರೆ ಎಮ್ಮೆಯೂ ಬದುಕುತ್ತದೆ, ನಾನೂ ಬದುಕುತ್ತೇನೆ.

ಬಳ್ಳಾರಿ ಬಿಸಿಲು, ಏಪ್ರಿಲ್ 4

ಎಮ್ಮೆಗೆ ಕೆರೆ ಸಾಕು, ನನಗೆ ಎಸಿ ಬೇಕು. ಅದಿರಲಿ, ನನ್ನ ಮೊಬೈಲ್ ಆ್ಯಪ್ ಮೊನ್ನೆ 46 ತೋರಿಸಿತು. ಪೇಪರ್‌ನಲ್ಲಿ ಮರುದಿನ 40 ಅಂತ ಬಂತು. ಯಾರು ಸುಳ್ಳು ಹೇಳುತ್ತಿದ್ದಾರೆ?

ಮಳೆಮಾಪಕ, ಏಪ್ರಿಲ್ 4

ಇಬ್ಬರೂ ಅಲ್ಲ. ಕೇಂದ್ರದಲ್ಲಿ ಥರ್ಮಾಮೀಟರ್ ಇರುವುದು ಬಿಳಿ ಬಣ್ಣದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ, ನೆರಳಲ್ಲಿ. ಅದು ಗಾಳಿಯ ಬಿಸಿ. ನೀವು ನಿಂತ ಡಾಂಬರು ರಸ್ತೆಯದ್ದಲ್ಲ, ಕಾರಿನ ಬಾನೆಟ್‌ನದ್ದಂತೂ ಅಲ್ಲವೇ ಅಲ್ಲ. ಆ್ಯಪ್‌ನ 46 ಬಹುಶಃ 'ಅನುಭವಕ್ಕೆ ಬರುವ ತಾಪ', ಹಸಿ ಸೇರಿಸಿ ಲೆಕ್ಕ ಹಾಕಿದ್ದು. ನಿಮ್ಮ ಹೋಬಳಿಯ ನಿಜ ಅಂಕಿ ಬೇಕಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು ನೋಡಿ, ಅವರ ಯಂತ್ರಗಳು ಹೋಬಳಿಗೊಂದು ಇವೆ, ಮಳೆಮಾಪಕ ಪಂಚಾಯಿತಿಗೊಂದು. ವರುಣಮಿತ್ರಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಸಿಡಿಲಿಗೆ ದಾಮಿನಿ ಆ್ಯಪ್.

ಕೊಪ್ಪಳದ ಅಣ್ಣ, ಏಪ್ರಿಲ್ 5

ಮನೆಯಲ್ಲಿ ಸಭೆ ಮಾಡಿದೆವು. ದಿನ ಬದಲಿಸುವುದಿಲ್ಲ. ಐನೋರಿಗೆ ಕೇಳಿದೆ, ಬೆಳಗ್ಗೆ 8.10ಕ್ಕೂ ಮುಹೂರ್ತ ಇದೆಯಂತೆ. 'ಮೊದಲೇ ಯಾಕೆ ಹೇಳಲಿಲ್ಲ?' ಅಂದರೆ 'ನೀವು ಕೇಳಲಿಲ್ಲ' ಅಂದರು. ಸರ್ಕಾರಿ ಕಚೇರಿಗಳೇ ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬೆಳಗ್ಗೆ 8ರಿಂದ 1.30 ಮಾಡುವಾಗ ಮದುವೆ ಮಾಡಿದರೆ ತಪ್ಪೇನು? ಬಯಲು ಬಿಟ್ಟು ಕಲ್ಯಾಣ ಮಂಟಪ ಹಿಡಿದೆ. ಎಸಿ ಇಲ್ಲ. ಆರು ದೊಡ್ಡ ಕೂಲರ್ ಬಾಡಿಗೆಗೆ ತರುತ್ತೇನೆ. ಸಾಕಲ್ವಾ?

ಹೊನ್ನಾವರದವಳು, ಏಪ್ರಿಲ್ 5

ನಾಲ್ಕು ಸಾಕು, ಆದರೆ ಎದುರಿನ ಕಿಟಕಿಗಳನ್ನೆಲ್ಲ ತೆರೆದಿಡಿ. ಜನ ಇಲ್ಲೇ ತಪ್ಪುವುದು. ಎಸಿ ಹಾಗೆ ಬಾಗಿಲು ಮುಚ್ಚಿ ಕೂಲರ್ ಹಾಕಿದರೆ ಅರ್ಧ ಗಂಟೆಯಲ್ಲಿ ಮಂಟಪವೇ ಹೊನ್ನಾವರ ಆಗುತ್ತದೆ. ನಮ್ಮ ಅಪ್ಪ ನನ್ನ ಬಳ್ಳಾರಿ ಮನೆಯ ಕೂಲರ್ ನೋಡಿ ಮರುಳಾಗಿ ಊರಿಗೆ ಒಂದು ಒಯ್ದರು. ಎರಡೇ ದಿನ. ಈಗ ಅದರ ಮೇಲೆ ಹಪ್ಪಳದ ಡಬ್ಬಿ ಇಟ್ಟಿದ್ದಾರೆ.

ಮಳೆಮಾಪಕ, ಏಪ್ರಿಲ್ 5

ಇದಕ್ಕೆ ಲೆಕ್ಕವೂ ಇದೆ. ಗಾಳಿಯಲ್ಲಿ 42 ಡಿಗ್ರಿ, ತೇವಾಂಶ ಶೇ 15 ಇದ್ದರೆ, ನೀರು ಆರಿಸಿ ಅದನ್ನು ಹೆಚ್ಚೆಂದರೆ 22ರವರೆಗೆ ತಂಪು ಮಾಡಬಹುದು. ಒಳ್ಳೆ ಕೂಲರ್ 26, 27 ಕೊಡುತ್ತದೆ. ಕರಾವಳಿಯಲ್ಲಿ 34 ಡಿಗ್ರಿ, ತೇವಾಂಶ ಶೇ 70 ಇದ್ದರೆ ಮಿತಿಯೇ 29, ಕೂಲರ್ ಕೊಡುವುದು 30. ಅದೂ ಒದ್ದೆ ಬಟ್ಟೆ ಮುಖಕ್ಕೆ ಹಿಡಿದ ಹಾಗೆ. ನಮ್ಮ ಮನೆ ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದು, ಅವರ ಮನೆಯಲ್ಲಿ ಆಗದಿರುವುದು ಇದೇ ಕಾರಣಕ್ಕೆ. ಬೆವರೂ ಹೀಗೇ.

ಕುಷ್ಟಗಿ ಮಾವು, ಏಪ್ರಿಲ್ 16

ನಿನ್ನೆ ಮಳೆಗಾಲದ ಮುನ್ಸೂಚನೆಯೂ ಬಂತು. ದೇಶಕ್ಕೆ ವಾಡಿಕೆಯ ಶೇ 105, ಐದು ಆಚೀಚೆ. ವಾಡಿಕೆ ಅಂದರೆ 87 ಸೆಂ.ಮೀ. 2023ರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗುವುದು, ಬಂದು ರಾಜ್ಯದ 223 ತಾಲೂಕು ಬರ ಅಂತ ಘೋಷಣೆ ಆಗಿದ್ದು ಮರೆತಿಲ್ಲ, ಈ ಸಲ ಅದಿಲ್ಲವಂತೆ. ನನ್ನ ಬೋರ್‌ವೆಲ್ ಮಾತ್ರ ಇನ್ನೂ 2023ರಲ್ಲೇ ಇದೆ.

ಮಳೆಮಾಪಕ, ಮೇ 1

ಮೇ ತಿಂಗಳ ಮುನ್ನೋಟ ನಿನ್ನೆ ಬಂದಿದೆ. ಕೊಪ್ಪಳದ ಅಣ್ಣ, ದಯವಿಟ್ಟು ಓದಿ. ಬಿಸಿ ಬಗ್ಗೆ ಹಳೆ ಮಾತೇ ಇದೆ. ಹೊಸದು ಮಳೆ. ದೇಶದ ಒಟ್ಟು ಮಳೆ ಮೇನಲ್ಲಿ ವಾಡಿಕೆಗಿಂತ ಜಾಸ್ತಿ, ಶೇ 109ಕ್ಕೂ ಮೇಲೆ ಅಂದಿದ್ದಾರೆ. ಮಾರ್ಚ್ 31ರ ಕಾಗದ ಹಿಡಿದುಕೊಂಡು ಕೂರಬೇಡಿ. ಮೂರು ತಿಂಗಳದ್ದು ದೂರದಿಂದ ಕಂಡ ಗುಡ್ಡ, ತಿಂಗಳದ್ದು ಹತ್ತಿರ ಬಂದಾಗ ಕಂಡ ಬಂಡೆ. ಮೇ 13ರ ನಂತರ ಐದು ದಿನದ್ದು ನೋಡಿ, ಅಲ್ಲಿ ಜಿಲ್ಲೆ ಹೆಸರೇ ಇರುತ್ತದೆ, ಹಳದಿ, ಕಿತ್ತಳೆ, ಕೆಂಪು ಅಂತ.

ಕೊಪ್ಪಳದ ಅಣ್ಣ, ಮೇ 1

ಬಾಡಿಗೆಗೆ ಕೂಲರ್ ಸಿಗಲಿಲ್ಲ ಅಂತ ನಿನ್ನೆ ತಾನೇ ನಾಲ್ಕು ಹೊಸದು ಖರೀದಿ ಮಾಡಿದೆ ಮಾರಾಯರೇ!

ಕೊಪ್ಪಳದ ಅಣ್ಣ, ಮೇ 20

ಮದುವೆ ಚೆನ್ನಾಗಿ ಆಯಿತು. ಎಲ್ಲರಿಗೂ ಋಣಿ. ವರದಿ ಒಪ್ಪಿಸುತ್ತೇನೆ.

ಹಿಂದಿನ ರಾತ್ರಿ ಹತ್ತಕ್ಕೆ ಶುರುವಾದ ಮಳೆ ಎರಡರವರೆಗೆ ಹೊಡೆಯಿತು. ಬಯಲಲ್ಲಿ ಶಾಮಿಯಾನ ಹಾಕಿದ್ದರೆ ಬೆಳಗ್ಗೆ ಹಿರೇಹಳ್ಳದಲ್ಲಿ ಹುಡುಕಬೇಕಿತ್ತು. ಅಡುಗೆಗೆ ಹೊರಗೆ ಹಾಕಿದ್ದ ಚಪ್ಪರ ಮಾತ್ರ ಕುಸಿಯಿತು, ಗೋದಿಹುಗ್ಗಿ ಮಾಡುವ ಕಡಾಯಿಯಲ್ಲಿ ಅರ್ಧ ಮಳೆ ನೀರು. ಬೆಳಗ್ಗೆ 8.10ಕ್ಕೆ ಮೋಡ ಮುಚ್ಚಿತ್ತು. 42 ಡಿಗ್ರಿ ಅಂತ ಎರಡು ತಿಂಗಳು ಹೆದರಿದವನು ಮಂಟಪದ ಬಾಗಿಲಲ್ಲಿ ಛತ್ರಿ ಹಿಡಿದು ಬೀಗರನ್ನು ಕರೆದೆ. ಮಧ್ಯಾಹ್ನ ಸ್ವಲ್ಪ ಬಿಸಿಲು ಬಂತು ನೋಡಿ, ಅಬ್ಬಬ್ಬಾ, ಆ ಧಗೆ! ಹಸಿ ನೆಲ, ಆರುನೂರು ಜನ. ನಾಲ್ಕೂ ಕೂಲರ್ ಹಾಕಿದೆ. ಹಾಕಿದ ಮೇಲೆ ಇನ್ನೂ ಜಾಸ್ತಿ ಆಯಿತು. ನಮ್ಮ ಕಡೆಯವರೆಲ್ಲ ಅಂಗಿ ಗುಂಡಿ ಬಿಚ್ಚಿಕೊಂಡು ಹೊರಗೆ ಓಡಿದರು. ಕುಮಟಾ ಅಜ್ಜಿ ಮಾತ್ರ ಒಂದನೇ ಸಾಲಲ್ಲಿ ಆರಾಮಾಗಿ ಕೂತು, 'ಯಾರು ಹೇಳಿದ್ದು ಕೊಪ್ಪಳದಲ್ಲಿ ಬಿಸಿಲು ಅಂತ, ನಮ್ಮೂರ ಹಾಗೇ ಇದೆಯಲ್ಲ' ಅಂದರು.

ಹೊನ್ನಾವರದವಳು, ಮೇ 20

ಅಜ್ಜಿಗೆ ನನ್ನ ನಮಸ್ಕಾರ. ಕೂಲರ್ ಬಂದ್ ಮಾಡಿ ಬರೀ ಫ್ಯಾನ್ ಹಾಕಬೇಕಿತ್ತು ನೀವು. ಗಾಳಿಯಲ್ಲಿ ಮೊದಲೇ ನೀರಿದ್ದಾಗ ಇನ್ನಷ್ಟು ನೀರು ಯಾಕೆ?

ಎರೆಹೊಲ, ಮೇ 27

ಕೇರಳಕ್ಕೆ 24ಕ್ಕೇ ಮುಂಗಾರು ಬಂತು, ಜೂನ್ 1ಕ್ಕೆ ಬರಬೇಕಾದದ್ದು. 2009ರ ನಂತರ ಇಷ್ಟು ಬೇಗ ಬಂದಿಲ್ಲವಂತೆ. ಹಾಗಾದರೆ ಮುನ್ನೋಟ ಸುಳ್ಳಾಯಿತಲ್ಲ? 'ಉತ್ತರ ಕರ್ನಾಟಕಕ್ಕೆ ಬಿಸಿಗಾಳಿ' ಅಂದವರು ಈಗ ಏನನ್ನುತ್ತಾರೆ? ಪಂಚಾಂಗದವರು ತಪ್ಪಿದರೆ ನಗುತ್ತೀರಿ, ಕಂಪ್ಯೂಟರ್‌ನವರು ತಪ್ಪಿದರೆ ಗೋಲಿ ಕಥೆ ಹೇಳುತ್ತೀರಿ.

ಮಳೆಮಾಪಕ, ಜೂನ್ 2

ಬೈಗುಳ ನ್ಯಾಯವಾದದ್ದೇ, ಪೂರ್ತಿ ಒಪ್ಪುವುದಿಲ್ಲ ಅಷ್ಟೆ. ದೇಶದ ಲೆಕ್ಕ ಬಂದಿದೆ, 1901ರಿಂದ ಇಲ್ಲಿಯವರೆಗೆ ಇಷ್ಟು ಮಳೆಯ ಮೇ ಆಗಿಲ್ಲ. ಮಾರ್ಚ್‌ನಲ್ಲಿ ಕೂತು ಅದನ್ನು ಯಾರೂ ನೋಡಲಿಲ್ಲ. ಚೀಲದಿಂದ ಈ ಸಲ ನೀಲಿ ಗೋಲಿ ಬಂತು. ಆದರೆ ಏಪ್ರಿಲ್ 30ರ ಕಾಗದ ಮಳೆ ಜಾಸ್ತಿ ಅಂತ ಹೇಳಿತ್ತು, ಐದು ದಿನದ್ದಂತೂ ಜಿಲ್ಲೆ ಹೆಸರು ಹಿಡಿದು ಹೇಳಿತ್ತು. ಪಂಚಾಂಗ ಯುಗಾದಿಗೆ ಒಮ್ಮೆ ಓದಿ ಮುಚ್ಚಿಡುತ್ತಾರೆ, ತಿದ್ದುವುದಿಲ್ಲ. ಇವರು ತಿದ್ದುತ್ತಾರೆ. ನಾವೇ ಮೊದಲನೆಯದನ್ನು ಓದಿ ಉಳಿದದ್ದನ್ನು ಬಿಟ್ಟುಬಿಡುತ್ತೇವೆ. ಇನ್ನೊಂದು, ಮುಹೂರ್ತ ಬೆಳಗ್ಗೆಗೆ ತಂದದ್ದು, ಬಯಲು ಬಿಟ್ಟು ಮಂಟಪ ಹಿಡಿದದ್ದು ಬಿಸಿಲಿಗೆ ಹೆದರಿ. ಅದೇ ಮಳೆಗೂ ಆಯಿತು.

ಶಕ್ತಿನಗರ ಅಮ್ಮ, ಜೂನ್ 2

ರಾತ್ರಿ ನಿದ್ದೆ ಬಂತು ಈ ಮೇನಲ್ಲಿ. ನನಗೆ ಅಷ್ಟು ಸಾಕು.

ಎರೆಹೊಲ, ಜೂನ್ 3

ಮಳೆಮಾಪಕರೇ, ರೋಹಿಣಿ ಮಳೆಗೆ ಹೊಲ ಹದವಾಯಿತು ಅಂತ ಮಸಾರಿ ಹೊಲದಲ್ಲಿ ಎರಡು ಎಕರೆ ಹೆಸರು ಬಿತ್ತಿದ್ದೇನೆ. ಉಳಿದ ಮೂರು ಎಕರೆಯಲ್ಲಿ ತೊಗರಿ ಹಾಕಬೇಕು. ಮುಂದಿನ ಎರಡು ವಾರ ಹೇಗೆ? ಶೇಕಡ ಬೇಡ, ಗೋಲಿ ಬೇಡ. ಬಿತ್ತಲಾ, ಬೇಡವಾ?

ಮಳೆಮಾಪಕ, ಜೂನ್ 3

ತಡೆಯಿರಿ. ಮುಂಗಾರು ಬೇಗ ಬಂತು ನಿಜ, ಆದರೆ ಮೇ ಕೊನೆಗೆ ನಿಂತಲ್ಲೇ ನಿಂತಿದೆ, ಮುಂದೆ ಸರಿದಿಲ್ಲ. ಜೂನ್ ತಿಂಗಳ ದೇಶದ ಒಟ್ಟು ಲೆಕ್ಕ ವಾಡಿಕೆಯ ಶೇ 108ಕ್ಕೂ ಮೇಲೆ ಅಂತಿದೆ, ಅದನ್ನು ನೋಡಿ ಬೀಜ ಚೆಲ್ಲಬೇಡಿ. ಮಂಗಳವಾರ, ಶುಕ್ರವಾರ ಕೃಷಿ ಹವಾಮಾನ ವರದಿ ಬರುತ್ತದೆ, ಇವತ್ತಿನದ್ದು ನೋಡಿ, ಶುಕ್ರವಾರದ್ದೂ ನೋಡಿ. ಎರಡರಲ್ಲೂ ಮಳೆ ಇದ್ದರೆ ಬಿತ್ತಿ. ತೊಗರಿಗೆ ಇನ್ನೂ ಹೊತ್ತಿದೆ, ಮಿರಗ (ಮೃಗಶಿರಾ ಮಳೆ) ಬರಲಿ.

ಎರೆಹೊಲ, ಜೂನ್ 11

ಬಿತ್ತಲಿಲ್ಲ. ಹೆಸರು ಮೂರೆಲೆ ಆಗಿ ತಲೆ ಬಾಗಿಸಿ ನಿಂತಿದೆ, ಎಂಟು ದಿನದಿಂದ ಹದ ಮಳೆ ಇಲ್ಲ, ಬಿಸಿಲು ಮತ್ತೆ ಏಪ್ರಿಲ್ ಹಾಗೆ. ತೊಗರಿ ಬೀಜ ಚೀಲದಲ್ಲೇ ಇದೆ. ಕೊಪ್ಪಳದ ಅಣ್ಣ, ಆ ಕೂಲರ್ ಮಾರುತ್ತೀರಾ?

ಕೊಪ್ಪಳದ ಅಣ್ಣ, ಜೂನ್ 11

ಮೂರು ಇವೆ. ಒಂದನ್ನು ತಂಗಿ ಕುಮಟಾಕ್ಕೆ ಒಯ್ದಳು, ಎಷ್ಟು ಹೇಳಿದರೂ ಕೇಳಲಿಲ್ಲ.